ಮೊದಲ ಪುಟದ ಒಲೆ

ನಮ್ಮ ದೊಡ್ಡಪ್ಪ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವರು. ಇನ್ನೂರು ವರ್ಷ ಹಿಂದಿನ ಕಥೆಯಲ್ಲಿ ಸೇನಾಪತಿ ಟಾರ್ಚ್ ಹಾಕಿದನೆಂದರೆ ಮುಗಿಯಿತು, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಲೇಖಕರ ಮಾನ ಕಳೆಯುತ್ತಿದ್ದರು.

ನಿವೃತ್ತರಾದ ಮೇಲೆ ತಾವೇ ಹಳೇ ಕಾಲದ ಕಾದಂಬರಿ ಬರೆದರು. ಮುನ್ನೂರು ಪುಟ ಸಿದ್ಧ, ಮೊದಲ ಪುಟ ಮಾತ್ರ ಖಾಲಿ. ಅದರಲ್ಲಿ ನಾಯಕಿ ಬೆಳಗ್ಗೆ ಎದ್ದು ಒಲೆ ಹಚ್ಚಬೇಕು. ಬೆಂಕಿಪೊಟ್ಟಣ ಇಲ್ಲದ ಕಾಲ. ಹೇಗೆ ಹಚ್ಚಿದಳು? ತಮ್ಮಂಥವನೇ ಒಬ್ಬ ಓದಿ ಸುತ್ತು ಹಾಕಿಬಿಟ್ಟರೆ ಎಂದು ಅವರಿಗೆ ಜೀವಭಯ.

“ಮೂರು ವರ್ಷದಿಂದ ಆ ಹುಡುಗಿ ಒಲೆ ಮುಂದೆ ಕೂತಿದ್ದಾಳೆ, ಪಾಪ. ಒಂದು ಲೈಟರ್ ಕೊಡ್ರೀ,” ಅನ್ನುತ್ತಿದ್ದರು ದೊಡ್ಡಮ್ಮ.

ಅಷ್ಟರಲ್ಲಿ ಪ್ರೆಸ್ ಮಾಲೀಕರ ಫೋನ್ ಬಂತು. “ಪ್ರೆಸ್ ಮುಚ್ತಿದ್ದೀನಿ. ಶನಿವಾರದೊಳಗೆ ತಂದ್ರೆ ನಿಮ್ಮದೇ ಕೊನೇ ಪುಸ್ತಕ. ಇಲ್ದಿದ್ರೆ ಇಲ್ಲ.”

ಹಳೇ ಕಾಲದವರಂತೆ ತಾವೇ ಹಚ್ಚಿ ನೋಡುವುದೆಂದು ದೊಡ್ಡಪ್ಪ ಅಡುಗೆಮನೆಯ ಲೈಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಿತ್ತಲಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿ, ಕಲ್ಲಿಗೆ ಕಬ್ಬಿಣ ಬಡಿದರು. ಕಿಡಿ ಬರಲಿಲ್ಲ, ಹೆಬ್ಬೆರಳು ಬದನೆಕಾಯಿಯಾಯಿತು. ಶುಕ್ರವಾರ ಕಾಫಿಯೂ ಇಲ್ಲ. ಮನೆಯಲ್ಲಿ ಕೆಂಡಾಮಂಡಲವಾಗಿದ್ದು ದೊಡ್ಡಮ್ಮ ಒಬ್ಬರೇ.

“ಆಗಿನವರು ಪಕ್ಕದ ಮನೆಯಿಂದ ಕೆಂಡ ತರ್ತಿದ್ರಂತೆ ಕಣೇ.”

“ಹೋಗಿ ಮತ್ತೆ! ಪಕ್ಕದ ಮನೇಲಿ ಬೇಕಾದಷ್ಟಿದೆ.”

ಪಕ್ಕದ ಮನೆ ಇಸ್ತ್ರಿಯವನದು. ದೊಡ್ಡಪ್ಪನ ಇದ್ದೊಂದು ಕೋಟನ್ನು ಅವನು ಸುಟ್ಟಿದ್ದ. ನಾಲ್ಕು ವರ್ಷದಿಂದ ಮಾತಿಲ್ಲ. ಕಬ್ಬಿಣದ ಸೌಟು ಹಿಡಿದು ದೊಡ್ಡಪ್ಪ ಅವನ ಬಾಗಿಲಲ್ಲಿ ಹತ್ತು ನಿಮಿಷ ಕೆಮ್ಮಿದರು.

“ಸ್ವಲ್ಪ ಕೆಂಡ ಬೇಕಿತ್ತು.”

“ಯಾಕೆ ಸರ್, ಇನ್ನೊಂದು ಕೋಟು ಇದೆಯಾ?”

ನಗದೆ ಹಾಗೆಂದವನೇ ಇಸ್ತ್ರಿಪೆಟ್ಟಿಗೆ ತೆರೆದು ಎರಡು ಕೆಂಡ ಸೌಟಿಗೆ ಹಾಕಿದ. ದೊಡ್ಡಪ್ಪನಿಗೆ ನಾಚಿಕೆಯಿಂದ ಕಿವಿ ಸುಟ್ಟಿತು. ಬೆಂಕಿ ಬೇಕಾದರೆ ಆ ಕಾಲದಲ್ಲಿ ಮೊದಲು ಜಂಬ ಇಳಿಯಬೇಕಿತ್ತು ಎನ್ನುವುದು ಯಾವ ಗ್ರಂಥಾಲಯದಲ್ಲೂ ಸಿಕ್ಕಿರಲಿಲ್ಲ. ಸಂಜೆಯೊಳಗೆ ಪುಟ ತುಂಬಿತು: ನಾಯಕಿ, ಮಾತು ಬಿಟ್ಟವರ ಮನೆ ಮುಂದೆ ಕೆಮ್ಮುತ್ತ ನಿಂತಿದ್ದಾಳೆ.

ಶನಿವಾರ ಬೆಳಗ್ಗೆ ಇಸ್ತ್ರಿಯವನನ್ನು ಕೂಗಿ, “ತಪ್ಪಿದ್ರೆ ಹೇಳಪ್ಪ,” ಎಂದು ಪುಟ ಕೊಟ್ಟರು. ಅವನು ಹೊಸಿಲಾಚೆ ನಿಂತೇ ಓದಿದ.

“ಒಂದಿದೆ ಸರ್. ಕೆಂಡ ಕೊಟ್ಟವರನ್ನ ಈ ಹುಡುಗಿ ಒಳಗೆ ಬಾ ಅಂತ ಒಂದ್ಸಲಾನೂ ಕರೆಯಲ್ವಲ್ಲ?”

ದೊಡ್ಡಪ್ಪ ಕೆಂಪು ಪೆನ್ನು ತೆಗೆದು ತಮ್ಮ ಪುಟಕ್ಕೇ ಸುತ್ತು ಹಾಕಿದರು.

“ಬಾರಪ್ಪ ಒಳಗೆ. ಇವಳೇ, ಮೂರು ಲೋಟ ಕಾಫಿ ಇಡು. ಲೈಟರಲ್ಲೇ ಹಚ್ಚು, ಪರವಾಗಿಲ್ಲ.”

ಸಂಜೆ ಆ ಸುಟ್ಟ ಕೋಟನ್ನೇ ಇಸ್ತ್ರಿ ಹಾಕಿಸಿಕೊಂಡು, ತೊಟ್ಟು ಪ್ರೆಸ್ಸಿಗೆ ಹೋದರು. ಮೊದಲ ಪುಟದಲ್ಲಿ ಈಗ ಒಲೆ ಮುಂದೆ ಇಬ್ಬರು ಕೂತಿದ್ದಾರೆ.