ಮೊದಲೇ ಹೊದಿಸಿದ ಶಾಲು

ಗಯಾಸುದ್ದೀನ್ ಅವರನ್ನು ನಾನು ಮೊದಲು ಕಂಡದ್ದು ಬಸವಕಲ್ಯಾಣದ ನಮ್ಮ ಪತ್ತಿನ ಸಹಕಾರ ಸಂಘದ ಮುಚ್ಚಿದ ಶಟರ್ ಮುಂದೆ. ಅವ್ವನ ಠೇವಣಿ ವಿಚಾರಿಸಲು ನಮ್ಮ ಹಳ್ಳಿ ನಿರ್ಣಾದಿಂದ ಬಂದಿದ್ದೆ. ಮಂದಿ ಶಟರ್ ಬಡಿಯುತ್ತಿದ್ದರು. ಅವರು ಮಾತ್ರ ಮೆಟ್ಟಿಲ ಮೇಲೆ ಕುಳಿತು, ಅಂಗಿಯ ತೋಳಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ಕೀಳುತ್ತಿದ್ದರು. ಗಾದಿ ಹೊಲಿಯುವ ಕೈ. ಬೆರಳ ತುದಿಗಳು ಒರಟಾಗಿ ಬಿರಿದಿದ್ದವು. ನನ್ನನ್ನು ನೋಡಿ ಪಕ್ಕಕ್ಕೆ ಸರಿದರು.

"ಕೂಡ್ರಿ ತಮ್ಮಾ. ಮ್ಯಾನೇಜರ್ ಓಡಿಹೋಗ್ಯಾನ, ಪಾಪ, ಹೊಡತ ತಿನ್ಲಾಕ ಶಟರ್ ಸಿಕ್ಕೊಂಡದ."

ತಾವು ಬಾಡಿಗೆಗೆ ಹಿಡಿದಿದ್ದ ಅಂಗಡಿಯನ್ನೇ ಕೊಳ್ಳಲು ಅವರು ವರ್ಷಗಟ್ಟಲೆ ಕೂಡಿಟ್ಟ ಹಣ ಆ ಸಂಘದಲ್ಲಿತ್ತು. ದೀಪಾವಳಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಮಾರುತ್ತೇನೆ ಎಂದು ಮಾಲೀಕ ಹೇಳಿದ್ದ.

ನಿರ್ದೇಶಕರು ತಮ್ಮವರಿಗೇ ಸಾಲ ಹಂಚಿ ಸಂಘವನ್ನು ಮುಳುಗಿಸಿದ್ದರು. ಸರ್ಕಾರ ಹಣ ತುಂಬಿದರೆ ಮಾತ್ರ ಠೇವಣಿ ಮರಳುವಂತಿತ್ತು. ಯಾವ ಪಕ್ಷಕ್ಕೂ ಸೇರದವರೆಂದು ಗಯಾಸುದ್ದೀನರನ್ನೇ ಠೇವಣಿದಾರರ ಸಮಿತಿಗೆ ಅಧ್ಯಕ್ಷರನ್ನಾಗಿ ಮಾಡಿದೆವು. ಹುಮನಾಬಾದಿನಲ್ಲಿ ಹೆದ್ದಾರಿ ತಡೆಯುವುದೆಂದು ನಿರ್ಧಾರವಾಯಿತು. ಚುನಾವಣೆ ಹತ್ತಿರವಿದ್ದುದರಿಂದ ಆಳುವ ಪಕ್ಷ ಹೆದರಿತು. ಹಿಂದಿನ ದಿನವೇ ಆ ಪಕ್ಷದ ಮುಖಂಡ ಮಹಾರುದ್ರಪ್ಪ ಅಂಗಡಿಗೆ ಬಂದು ಹೊಸ ಗಾದಿಯ ಮೇಲೆ ಕುಳಿತ.

"ಚಾಚಾ, ಮಂತ್ರಿ ಸಾಹೇಬ್ರು ಪರಿಹಾರಕ್ಕ ಒಪ್ಯಾರ. ನಾಳೆ ಹುಮನಾಬಾದ್ ಸಭಾದಾಗ ಹೇಳ್ತಾರ. ರಸ್ತೆ ಬಿಟ್ಟು ಅಲ್ಲಿ ಬರ್ರಿ, ಒಂದು ಶಾಲು ಹೊದಿಸ್ರಿ."

"ರೊಕ್ಕ ಬಂದ ಮ್ಯಾಲ ಹೊದಿಸಿದ್ರ ನಡಿಯಂಗಿಲ್ಲೇನ್ರಿ?"

"ಮನಿಗಿ ಬಂದ ಮೆಹಮಾನ ಉಂಡು ಹೋಗೋ ಮುಂದ 'ಬರ್ರಿ' ಅಂತೀರೇನು?"

ಗಯಾಸುದ್ದೀನ್ ನಕ್ಕುಬಿಟ್ಟರು. ನಾವೂ ನಕ್ಕೆವು. ಮರುದಿನ ಹೆದ್ದಾರಿ ತಡೆ ಬಿಟ್ಟು ಸಭೆಗೆ ಹೋದೆವು; ಸಚಿವರು ಪರಿಹಾರ ಘೋಷಿಸಿದರು. ಗಯಾಸುದ್ದೀನ್ ಶಾಲು ಹೊದಿಸಿ ಹಾರ ಹಾಕಿದರು. ಆ ಚಿತ್ರದ ಫ್ಲೆಕ್ಸ್‌ಗಳು ಮನ್ನಾಏಖೇಳ್ಳಿಯವರೆಗೂ ನಿಂತವು: 'ಠೇವಣಿದಾರರ ಕೃತಜ್ಞತೆ.'

ಚುನಾವಣೆ ಮುಗಿಯಿತು. ಹಣ ಬರಲಿಲ್ಲ. ಕೇಳಿದಾಗಲೆಲ್ಲ ಮಹಾರುದ್ರಪ್ಪ, "ಫೈಲ್ ಮ್ಯಾಲಿನವರ ಹತ್ರ ಅದ, ಚಾಚಾ" ಎನ್ನುತ್ತಿದ್ದ. ವಿರೋಧ ಪಕ್ಷದ ಗುರುಶಾಂತನ ಬಳಿ ಹೋದೆವು.

"ಶಾಲು ಅವರಿಗಿ, ಅರ್ಜಿ ನನಗೇನ್ರಿ?" ಎಂದ ಆತ.

ಮತ್ತೆ ಹೆದ್ದಾರಿ ತಡೆಗೆ ಕರೆದರೆ ಹಳ್ಳಿಗಳಿಂದ ಯಾರೂ ಬರಲಿಲ್ಲ. ಫ್ಲೆಕ್ಸ್ ನೋಡಿದ್ದವರು, ಬಸವಕಲ್ಯಾಣದವರಿಗೆ ಹಣ ಮುಟ್ಟಿದೆ, ನಮ್ಮಿಂದ ಮುಚ್ಚಿಡುತ್ತಿದ್ದಾರೆ ಎಂದೇ ನಂಬಿದ್ದರು. ತರಕಾರಿ ಮಾರುವ ಸಖುಬಾಯಿಯ ಠೇವಣಿಯೂ ಮುಳುಗಿತ್ತು. ಒಂದು ಮುಂಜಾನೆ ಅಂಗಡಿ ಮುಂದೆ ಬುಟ್ಟಿ ಇಳಿಸಿ ಕೂಗಿದಳು:

"ನಿನಗ ಎಷ್ಟು ಕೊಟ್ಟರೋ ಭಾಯಿ? ಹಾರದ ಖರ್ಚರೆ ಹೊಂಟಿತೋ ಇಲ್ಲೋ?"

ಗಯಾಸುದ್ದೀನ್ ಹೊಲಿಯುತ್ತಲೇ ಇದ್ದರು.

ದೀಪಾವಳಿ ಕಳೆದ ಮೇಲೆ ಅಂಗಡಿ ಮೊಬೈಲ್ ಮಾರುವವರ ಪಾಲಾಯಿತು. ಸಮಿತಿಯ ಸಭೆ ಮತ್ತೆ ಸೇರಲಿಲ್ಲ. ಈಗ ಗಯಾಸುದ್ದೀನ್ ಹುಮನಾಬಾದಿನ ಔಷಧ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿಯಾಗಿ ಖಾಲಿ ಡ್ರಮ್ಮುಗಳನ್ನು ತೊಳೆಯುತ್ತಾರೆ.