ದ್ವೀಪದ ನಿಲುವಂಗಿ ಹೊಲಿದ ಅಕ್ಕ

ಹಸಿರು ಗಾಜಿನ ಬಳೆ ಅವರ ಕೈಗೆ ಎಂದೂ ಸುಲಭವಾಗಿ ಏರಿದ್ದಿಲ್ಲ. ಮಣಿಕಟ್ಟು ಅಗಲ, ಗೆಣ್ಣು ದಪ್ಪ. ಬಳೆಗಾರನ ಹತ್ತಿರವಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯ ಬಳೆಯೂ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಾಬೂನು ಹಚ್ಚಿಸಿಕೊಂಡು, ತುಟಿ ಕಚ್ಚಿ, ಮುಖ ಅತ್ತ ತಿರುಗಿಸಿ ಅವರು ಕೈ ಒಡ್ಡಿ ಕೂಡುತ್ತಿದ್ದರು. ಒಂದೆರಡು ಒಡೆದು ರಕ್ತ ಬಂದೇ ಬರುತ್ತಿತ್ತು. "ಪ್ಲಾಸ್ಟಿಕ್ಕಿನವು ಹಾಕ್ಕೋರಿ ಅಕ್ಕಾ, ಅವು ಹಿಗ್ಗತಾವ," ಎಂದು ನಾನೊಮ್ಮೆ ಹೇಳಿದ್ದಕ್ಕೆ, "ಸುಮ್ಮನ ಸಿಕ್ಕಿದ್ದು ಏನೈತವಾ ನನಗ, ಬಳಿ ಸುಮ್ಮನ ಸಿಗಾಕ?" ಎಂದು ನಕ್ಕಿದ್ದರು.

ರಾಣೇಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಅವರದು ವೇಷದ ಬಟ್ಟೆಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಶಾಲೆಗಳ ವಾರ್ಷಿಕೋತ್ಸವ, ಅಂದರೆ ಗ್ಯಾದರಿಂಗ್, ಶುರುವಾಯಿತೆಂದರೆ ಹಾವೇರಿ, ಬ್ಯಾಡಗಿ, ಹಿರೇಕೆರೂರಿನಿಂದೆಲ್ಲ ಮಾಸ್ತರರು ಅಲ್ಲಿಗೆ ಬರುತ್ತಿದ್ದರು. ರಾಣಿಯ ಕಿರೀಟ, ಸೈನಿಕನ ಕೋಟು, ನವಿಲಿನ ಗರಿ, ಹುಲಿಯ ಬಾಲ ಎಲ್ಲವೂ ಅಲ್ಲಿ ಮೊಳೆಗೆ ತೂಗುತ್ತಿದ್ದವು. ಊರು ಅವರನ್ನು ಡ್ರೆಸ್ ಅಕ್ಕ ಎನ್ನುತ್ತಿತ್ತು. ಬೆನ್ನ ಹಿಂದೆ ಬೇರೆ ಹೆಸರುಗಳನ್ನೂ ಅನ್ನುತ್ತಿತ್ತು. ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ತಿಳಿದು, ಮೀಸೆ ಚಿಗುರುವ ವಯಸ್ಸಿನಲ್ಲೇ ಮನೆ ಬಿಟ್ಟು ಬಂದವರು ಅವರು. ಮನೆಯವರನ್ನು ಬೈದದ್ದನ್ನು ನಾನು ಕೇಳಿಲ್ಲ. "ಅವ್ರೂ ಚಲೋ ಮಂದೀನ. ಅವರಿಗೆ ಮಗಾ ಬೇಕಾಗಿದ್ದ, ನನ್ನ ಹಂತೇಕ ಇರಲಿಲ್ಲ," ಎನ್ನುತ್ತಿದ್ದರು, ಅಂಗಡಿಯಲ್ಲಿ ಇಲ್ಲದ ಸಾಮಾನಿನ ಬಗ್ಗೆ ಹೇಳುವ ಹಾಗೆ.

ನಾನು ಬ್ಯಾಡಗಿಯವಳು. ಅಪ್ಪನದು ಮೆಣಸಿನಕಾಯಿ ದಲಾಲಿಯ ಅಡತಿ ಅಂಗಡಿ. ಹೈಸ್ಕೂಲಿಗೆ ದಿನಾ ರೈಲಿನಲ್ಲಿ ರಾಣೇಬೆನ್ನೂರಿಗೆ ಹೋಗಿಬರುತ್ತಿದ್ದೆ. ಸಂಜೆಯ ಗಾಡಿ ಬರುವ ತನಕ ಹೊತ್ತು ಹೋಗಬೇಕಲ್ಲ. ಒಂದು ದಿನ ಮಳೆ ಹೊಡೆದಾಗ ಅವರ ಅಂಗಡಿಯ ಕಟ್ಟೆ ಏರಿದೆ. ನನ್ನ ಯೂನಿಫಾರ್ಮಿನಲ್ಲಿ, ಜಡೆಯಲ್ಲಿ, ಪುಸ್ತಕದ ಚೀಲದಲ್ಲಿ ಯಾವಾಗಲೂ ಮೆಣಸಿನಕಾಯಿಯ ಘಾಟು. ಅಕ್ಕ ಮಷೀನು ನಿಲ್ಲಿಸಿ ಸಾಲಾಗಿ ಸೀನಿದರು. ಕ್ಲಾಸಿನ ಹುಡುಗಿಯರು ಇದಕ್ಕೇ ನನ್ನ ಪಕ್ಕ ಕೂಡುತ್ತಿರಲಿಲ್ಲ. ನಾನು ಇಳಿದು ಹೋಗಬೇಕು ಅನ್ನುವಷ್ಟರಲ್ಲಿ ಅವರು ಮೂಗು ಒರೆಸಿಕೊಂಡು, "ಬ್ಯಾಡಗಿ ಬಂತಲ್ಲ! ಬಾ, ಒಳಗ ಕುಂದರವಾ," ಎಂದರು. ಅಂದಿನಿಂದ ಅದೇ ನನ್ನ ಜಾಗವಾಯಿತು. ಸುದ್ದಿ ತಿಳಿದ ಅಪ್ಪ ಒಂದು ದಿನ ನೋಡಲು ಬಂದರು. ಅಕ್ಕ ಕೊಟ್ಟ ಚಹಾ ಕುಡಿದರು. ಬ್ಯಾಡಗಿಯಲ್ಲಿ ಇಳಿದ ಮೇಲೆ, "ಸ್ಟೇಷನ್ನಿನಾಗ ಒಬ್ಬಾಕೀನ ಕುಂದ್ರೂದಕ್ಕಿಂತ ಅಲ್ಲೇ ಚಲೋ," ಎಂದರು.

ಅಕ್ಕ ಬಟ್ಟೆ ತರಲು ಹುಬ್ಬಳ್ಳಿಗೆ ಹೋಗುತ್ತಿದ್ದರು. ಒಮ್ಮೆ ಅಲ್ಲಿಯ ಹಳೇ ಪುಸ್ತಕದ ರಾಶಿಯಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ತಂದರು. ತಂದದ್ದು ಮೇಲಿನ ಚಿತ್ರಕ್ಕಾಗಿ. ನೀಲಿ ನಿಲುವಂಗಿ ತೊಟ್ಟ ಹುಡುಗಿಯೊಬ್ಬಳು ದೋಣಿಯಲ್ಲಿ ನಿಂತಿದ್ದಳು. ಆ ನಿಲುವಂಗಿಯ ಮಡಿಕೆ ಹೇಗೆ ಬಂದಿದೆ ಎಂದು ಅವರು ನೋಡಬೇಕಾಗಿತ್ತು. ಅವರಿಗೆ ಕನ್ನಡ ಓದಲು ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. "ಇದರಾಗ ಏನೈತಿ, ಓದಿ ಕನ್ನಡದಾಗ ಹೇಳು," ಎಂದರು. ನನಗೂ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಅಂತೂ ಎಡವುತ್ತ ಎಡವುತ್ತ ಶುರುಮಾಡಿದೆ.

ಏಳು ದ್ವೀಪಗಳ ಆ ಕತೆ ಈಗ ಗೊತ್ತಿಲ್ಲದವರಿಲ್ಲ. ಏಳು ಪುಸ್ತಕ, ಸಾಲು ಸಾಲು ಸಿನಿಮಾ, ಹಾವೇರಿಯ ಸ್ಟೇಷನರಿ ಅಂಗಡಿಗಳಲ್ಲೂ ಅದರ ಚಿತ್ರದ ಕಂಪಾಸು ಪೆಟ್ಟಿಗೆ. ಆಗ ನಮಗೆ ಅದು ನಮ್ಮಿಬ್ಬರದೇ ಕತೆ ಅನ್ನಿಸುತ್ತಿತ್ತು. ಆ ದ್ವೀಪಗಳಲ್ಲಿ ಒಂದು ಬಟ್ಟೆಯ ಮನೆ ಇದೆ. ಬೆಳೆದ ಮಕ್ಕಳು ಒಬ್ಬೊಬ್ಬರೇ ಒಳಗೆ ಹೋಗಿ ತಮಗೆ ಬೇಕಾದ ನಿಲುವಂಗಿ ತೊಟ್ಟು ಬರುತ್ತಾರೆ. ಮೀನುಗಾರನ ಮಗ ರಾಜನದನ್ನು ತೊಡಬಹುದು, ರಾಜನ ಮಗಳು ಅಂಬಿಗನದನ್ನು ತೊಡಬಹುದು. ಹೊರಗೆ ನಿಂತವರು ಯಾರೂ 'ಯಾಕೆ' ಎಂದು ಕೇಳುವಂತಿಲ್ಲ. ಆ ಭಾಗ ಓದಿದ ದಿನ ಮಷೀನಿನ ಸದ್ದು ನಿಂತಿತು. "ಯಾರೂ ಕೇಳಂಗಿಲ್ಲಂತೇನು? ಅವ್ವನೂ?" ಎಂದರು. "ಅವ್ವನೂ ಕೇಳಂಗಿಲ್ರಿ." "ಇನ್ನೊಮ್ಮಿ ಓದು."

ಕಷ್ಟದ ಶಬ್ದ ಬಂದರೆ ನಾನು ಮೆಲ್ಲಗೆ ಪುಟ ದಾಟಿಸುತ್ತಿದ್ದೆ. ಅವರಿಗೆ ಅದು ಹೇಗೋ ಗೊತ್ತಾಗುತ್ತಿತ್ತು. "ಹಾರಿಸಬ್ಯಾಡ. ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ನು, ನಾಳೆ ಕೇಳಿಕೊಂಡು ಬಾ." ಹೀಗೆ ಕೇಳಿಕೊಂಡು ಬಂದು ಬಂದು ನಾನು ಇಂಗ್ಲಿಷ್ ಕಲಿತೆ. ಏಳನೆಯ ಪುಸ್ತಕ ಮುಗಿಯುವ ಹೊತ್ತಿಗೆ ಡಿಗ್ರಿಯಲ್ಲಿದ್ದೆ. ಇಂದು ಹಾವೇರಿಯ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಉಣ್ಣುತ್ತಿದ್ದೇನೆ. ನನಗೆ ಆ ಭಾಷೆ ಕಲಿಸಿದವರು ಅದರ ಒಂದಕ್ಷರ ಬಾರದ ಈ ಅಕ್ಕ ಎಂದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ.

ಸಿನಿಮಾಗಳು ಬಂದ ಮೇಲೆ ಅವರ ಅಂಗಡಿಯಲ್ಲಿ ದ್ವೀಪದ ನಿಲುವಂಗಿಗೆ ಬೇಡಿಕೆಯೇ ಬೇಡಿಕೆ. ಹುಟ್ಟುಹಬ್ಬ, ಛದ್ಮವೇಷ, ಕಾಲೇಜಿನ ಕಾರ್ಯಕ್ರಮ, ಎಲ್ಲಕ್ಕೂ ಅದೇ ಬೇಕು. ಅಕ್ಕ ಚಿತ್ರ ನೋಡಿ ಹೊಲಿಯುತ್ತಿರಲಿಲ್ಲ, ಕತೆ ನೆನಪಿಟ್ಟುಕೊಂಡು ಹೊಲಿಯುತ್ತಿದ್ದರು. ಅಂಬಿಗನ ನಿಲುವಂಗಿಯ ತೋಳು ಮೊಣಕೈಗೇ ನಿಲ್ಲಬೇಕು, ಹುಟ್ಟು ಹಾಕುವಾಗ ತೊಯ್ಯಬಾರದಲ್ಲ ಎಂದು ಗಿರಾಕಿಗಳ ಜೊತೆ ವಾದಿಸುತ್ತಿದ್ದರು.

ಆ ಲೇಖಕ ಮಾತಾಡತೊಡಗಿದ್ದು ಆಮೇಲೆ. ದೂರದೇಶದ ಆ ಮನುಷ್ಯ ವಯಸ್ಸಾಗುತ್ತ ಬಂದಂತೆ ಕತೆ ಬರೆಯುವುದನ್ನು ಕಡಿಮೆ ಮಾಡಿ, ಅಕ್ಕನಂಥವರ ವಿರುದ್ಧ ಫೋನಿನಲ್ಲಿ ಬರೆಯುವುದನ್ನು ಹೆಚ್ಚು ಮಾಡಿದ. ಜಗತ್ತಿನಲ್ಲೆಲ್ಲ ಜಗಳವಾಯಿತು. ಪುಸ್ತಕ ಸುಡುತ್ತೇವೆ ಅಂದವರೂ ಇದ್ದರು. ಆದರೆ ಪುಸ್ತಕಗಳ ಮಾರಾಟ ನಿಲ್ಲಲಿಲ್ಲ, ಹಾವೇರಿಯ ಕಂಪಾಸು ಪೆಟ್ಟಿಗೆಗಳೂ ನಿಲ್ಲಲಿಲ್ಲ. ನಾನು ಎಲ್ಲವನ್ನೂ ಓದುತ್ತಿದ್ದೆ. ಅಕ್ಕನ ಕಿವಿಗೆ ಬೀಳದಿರಲಿ ಎಂದುಕೊಳ್ಳುತ್ತಿದ್ದೆ.

ಬಿತ್ತು. ನಿಲುವಂಗಿ ಒಯ್ಯಲು ಬಂದ ಕಾಲೇಜು ಹುಡುಗಿಯೊಬ್ಬಳು, ಕಾಳಜಿಯಿಂದಲೇ, "ಅಕ್ಕಾ, ನೀವು ಇವನ್ನ ಹೊಲೀಬಾರದ್ರಿ. ಅಂವ ನಿಮ್ಮಂಥಾವ್ರಿಗೆ ಏನೇನು ಅಂದಾನ ಗೊತ್ತೈತೇನು?" ಎಂದು ಫೋನು ತೋರಿಸಿದ್ದಳು. ಅಕ್ಕ ಅದನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ನನ್ನನ್ನು ಕರೆಸಿದರು. ಭಾನುವಾರ ಮಧ್ಯಾಹ್ನ ಹೋದೆ. ಮಷೀನಿನ ಹತ್ತಿರ ನನ್ನ ಹಳೆಯ ಸ್ಟೂಲು ಹಾಕಿ ಇಟ್ಟಿದ್ದರು.

"ಏನ ಬರದಾನ, ಕನ್ನಡದಾಗ ಹೇಳು."

"ಬ್ಯಾಡ್ರಿ ಅಕ್ಕಾ. ಹುಚ್ಚ ಅದಾನ."

"ಏಳು ಪುಸ್ತಕ ಓದುವಾಗ ಹುಚ್ಚ ಇದ್ದಿಲ್ಲಲ್ಲ? ಹಾರಿಸಬ್ಯಾಡ. ಹೇಳು."

ಹೇಳಿದೆ. ಬಟ್ಟೆಯ ಮನೆಯ ಕತೆ ಹೇಳಿದ ಅದೇ ಬಾಯಿಂದ, ಅದೇ ಸ್ಟೂಲಿನ ಮೇಲೆ ಕೂತು ಹೇಳಿದೆ. "ಇಂಥಾವ್ರು ವೇಷಾ ಹಾಕ್ಕೊಂಡಾವ್ರು ಅಂತಾನ್ರಿ. ಬಟ್ಟಿ ಬದಲ ಮಾಡಿದ್ರ ಮನಷ್ಯಾ ಬದಲ ಆಗೂದಿಲ್ಲ ಅಂತಾನ. ಮಕ್ಕಳನ್ನ ಇವರ ಹಂತೇಕ ಬಿಡಬಾರದು ಅಂತಾನ." ನನ್ನ ದನಿ ನನಗೇ ಅಸಹ್ಯವಾಯಿತು. ಆ ಮಾತುಗಳಿಗೆ ಸರಿಯಾದ ಕನ್ನಡ ನನಗೆ ತಟ್ಟನೆ ಸಿಕ್ಕಿತ್ತು. ಊರಿನಲ್ಲಿ ದಿನಾ ಕೇಳುವ ಮಾತುಗಳೇ ಅವು.

ಅಕ್ಕ ಮಷೀನಿನಲ್ಲಿದ್ದ ನಿಲುವಂಗಿಯ ದಾರ ಕತ್ತರಿಸಿದರು. ಆಮೇಲೆ ಕೇಳಿದರು: "ಅಂವಗ ಅಂವನ ಪುಸ್ತಕಾ ಓದಿ ಹೇಳಾವ್ರು ಯಾರೂ ಇಲ್ಲೇನು?"

ಮರುವರ್ಷ ನಮ್ಮ ಶಾಲೆಯ ಗ್ಯಾದರಿಂಗಿಗೆ ಮಕ್ಕಳು ದ್ವೀಪದ ನಾಟಕವೇ ಬೇಕೆಂದು ಹಟ ಹಿಡಿದರು. ಆಡಿಸಬೇಕಾದವಳು ನಾನು. ಶಿಕ್ಷಕರ ಸಭೆಯಲ್ಲಿ ವಿಜ್ಞಾನದ ಹೊಸ ಮಾಸ್ತರರು, ಆ ಲೇಖಕ ಅಂಥ ಮಾತು ಆಡಿದ ಮೇಲೂ ನಾವು ಆಡಬೇಕೆ ಎಂದು ಕೇಳಿದರು. ನಮ್ಮ ಹೆಡ್‌ಮೇಡಂ ಕನ್ನಡಕ ತೆಗೆದು, "ಬರದಾವ್ರು ಬ್ಯಾರೆ, ಬರದದ್ದು ಬ್ಯಾರೆ. ಬರದದ್ದು ಚಲೋ ಐತಿ, ಬರದಾವ್ರು ನಮಗ ಯಾಕ ಬೇಕು?" ಎಂದರು. ಎಲ್ಲರೂ ತಲೆ ಆಡಿಸಿದರು. ಎಲ್ಲರಿಗಿಂತ ಮೊದಲು ಆಡಿಸಿದವಳು ನಾನೇ ಇರಬೇಕು. ನನಗೆ ಆ ನಾಟಕ ಅಷ್ಟು ಬೇಕಾಗಿತ್ತು.

ಅಕ್ಕನನ್ನು ಕೇಳಲು ನಾಚಿಕೆಯಾಯಿತು. ಅವರೇ ಸುದ್ದಿ ತಿಳಿದು ಫೋನು ಮಾಡಿದರು. "ನಿನ್ನ ನಾಟಕಕ್ಕ ಬ್ಯಾರೆಯವರು ಹೊಲದ್ರ ನನಗ ಸಮಾಧಾನ ಆಗೂದಿಲ್ಲ. ಎಲ್ಲಾ ಹೊಸಾವು ಹೊಲೀತೀನಿ. ಮುಂದಿನ ಸಾಲಿನಾಗ ನನಗೊಂದು ಖುರ್ಚಿ ಇಡು, ಅಷ್ಟ." ಇಷ್ಟು ವರ್ಷ ಬಟ್ಟೆ ಕೊಟ್ಟರೂ ಒಂದೇ ಒಂದು ಗ್ಯಾದರಿಂಗನ್ನು ಅವರು ಕೂತು ನೋಡಿರಲಿಲ್ಲ. ಯಾರೂ ಕರೆದಿರಲಿಲ್ಲ. ನಾನು ಖುರ್ಚಿ ಇಟ್ಟೆ.

ಆ ದಿನ ಟೆಂಪೋದಲ್ಲಿ ಬಟ್ಟೆಯ ಗಂಟುಗಳೊಂದಿಗೆ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು, ಕೈತುಂಬ ಹೊಸ ಬಳೆ, ಹೆಬ್ಬೆರಳಿನ ಬುಡದಲ್ಲಿ ಹಸಿ ಗಾಯ. ವೇದಿಕೆಯ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಒಬ್ಬೊಬ್ಬರಿಗೇ ತೊಡಿಸತೊಡಗಿದರು. ಮಕ್ಕಳು ಅವರ ಸುತ್ತ ಮುತ್ತಿಕೊಂಡಿದ್ದರು. ಅಷ್ಟರಲ್ಲಿ ಹೆಡ್‌ಮೇಡಂ ಬಂದರು. ಬಟ್ಟೆ ಮುಟ್ಟಿ ನೋಡಿ ಮೆಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ನಗುಮುಖದಲ್ಲೇ, ಇಂಗ್ಲಿಷಿನಲ್ಲಿ ಹೇಳಿದರು. ಬಟ್ಟೆ ಬಹಳ ಚೆನ್ನಾಗಿವೆ. ಆದರೆ ಈ ವ್ಯಕ್ತಿ ಮುಂದಿನ ಸಾಲಿನಲ್ಲಿ ಕೂಡುವುದು ಬೇಡ, ಪಾಲಕರು ಮಕ್ಕಳ ಬಗ್ಗೆ ಏನಾದರೂ ಅಂದಾರು, ತೊಡಿಸುವುದು ಮುಗಿದ ಕೂಡಲೇ ಕಳಿಸಿಬಿಡಿ.

ಅಕ್ಕ ಒಬ್ಬ ಹುಡುಗನ ಕೊರಳ ಗುಂಡಿ ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು: "ಏನಂದ್ರು?"

ನಾನು ಹೆಡ್‌ಮೇಡಂ ಮುಖ ನೋಡಿದೆ. ಅವರು ಕಣ್ಣಿನಲ್ಲೇ ಬೇಡವೆಂದರು. ಹಾರಿಸಲು ನನ್ನಿಂದಾಗಲಿಲ್ಲ. ಒಂದೂ ಬಿಡದೆ ಕನ್ನಡದಲ್ಲಿ ಹೇಳಿದೆ, ಮಕ್ಕಳ ಎದುರಿಗೇ.

"ನಾ ಹಂಗ ಅಂದಿಲ್ರಿ," ಎಂದರು ಹೆಡ್‌ಮೇಡಂ, ಮುಖ ಕೆಂಪಾಗಿ. "ಪಾಲಕರ ಸಲುವಾಗಿ..."

"ಇರ್ಲಿ ಬಿಡ್ರಿ ಮೇಡಂ. ಇನ್ನೂ ಸ್ವಲ್ಪ ಹುಡುಗರು ಉಳದಾವ. ತೊಡಿಸಿ ಹೋಗ್ತೇನಿ."

ಹೆಡ್‌ಮೇಡಂ ಆಗಲಿ ಎಂದರು. ಅಕ್ಕ ಉಳಿದವರಿಗೂ ತೊಡಿಸಿದರು. ಅಂಬಿಗನ ನಿಲುವಂಗಿಯ ಹುಡುಗಿ ಅವರ ಸೆರಗು ಹಿಡಿದು, "ಅಕ್ಕಾ, ನೀವು ಮುಂದ ಕುಂತು ನನ್ನ ನೋಡಬೇಕ್ರಿ," ಎಂದಳು. "ಹೊರಗ ಕೇಳಸ್ತೈತವಾ. ಜೋರ ಮಾತಾಡು," ಎಂದರು. ನಾನೂ ನಿಮ್ಮ ಜೊತೆ ಬರುತ್ತೇನೆ ಎಂದೆ. "ಹುಡುಗರನ್ನ ನಡುನೀರಾಗ ಬಿಟ್ಟು ಬರ್ತೀಯೇನು? ನಡಿ," ಎಂದು ಗದರಿ, ಕಂಪೌಂಡಿನ ಹೊರಗೆ ನಿಂತ ಟೆಂಪೋಗೆ ಹೋದರು.

ನಾಟಕ ಅದ್ಭುತವಾಗಿ ಆಯಿತು. ಬಟ್ಟೆಯ ಮನೆಯ ದೃಶ್ಯದಲ್ಲಿ ಮಕ್ಕಳು ಒಬ್ಬೊಬ್ಬರೇ ನಿಲುವಂಗಿ ತೊಟ್ಟು ಬೆಳಕಿಗೆ ಬಂದಾಗ ಸಭೆ ಉಸಿರು ಹಿಡಿದು ಕೂತಿತ್ತು. ಹೆಡ್‌ಮೇಡಂ ಕಣ್ಣು ಒರೆಸಿಕೊಂಡರು. ಪರದೆಯ ಮರೆಯಲ್ಲಿ ನಿಂತ ನಾನೂ ಅತ್ತೆ. ಅಷ್ಟು ಹೊತ್ತು ನನಗೆ ಅಕ್ಕನ ನೆನಪೇ ಆಗಲಿಲ್ಲ. ಕತೆ ನನ್ನನ್ನು ಎತ್ತಿಕೊಂಡು ಹೋಗಿತ್ತು. ಚಪ್ಪಾಳೆ ನಿಂತ ಮೇಲೆ, ಖಾಲಿ ಖುರ್ಚಿಯ ಮೇಲೆ ಯಾರದೋ ಹೆಲ್ಮೆಟ್ಟು ಇದ್ದುದನ್ನು ಕಂಡು ಓಡಿದೆ.

ಟೆಂಪೋದ ಹಿಂಬದಿಯಲ್ಲಿ ಖಾಲಿ ಗಂಟುಗಳ ಮೇಲೆ ಕೂತಿದ್ದರು. "ಆ ಹುಡುಗಿ ಚಲೋ ಮಾತಾಡಿದಳು. ಎಲ್ಲಾ ಕೇಳಸ್ತು," ಎಂದರು. ನಾನು ಅಳತೊಡಗಿದೆ. ಅವರು ಸಮಾಧಾನ ಮಾಡಲಿಲ್ಲ. "ಅಳೂದು ನಂದು. ಅದನ್ನೂ ನೀನ ಮಾಡಿದ್ರ ನನಗೇನು ಉಳೀತು?" ಎಂದರು. ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಕಠೋರ ಮಾತು ಅದು.

ಅವರು ಆ ನಿಲುವಂಗಿ ಹೊಲಿಯುವುದನ್ನು ಬಿಡಲಿಲ್ಲ. ಅಂಗಡಿಯ ಬಾಡಿಗೆ ಅದರಿಂದಲೇ ಹುಟ್ಟುತ್ತಿತ್ತು, ಮಕ್ಕಳೂ ಬಿಡುತ್ತಿರಲಿಲ್ಲ. ನಾನೂ ಆ ಶಾಲೆ ಬಿಡಲಿಲ್ಲ. ಆದರೆ ಅಂದಿನಿಂದ ಓದು ಎಂದು ಅವರು ಎಂದೂ ಕೇಳಲಿಲ್ಲ. ಬಹಳ ವರ್ಷಗಳ ಮೇಲೆ ಆ ಲೇಖಕನ ಎಂಟನೆಯ ಪುಸ್ತಕ ಬಂದಾಗ ಕೊಂಡುಕೊಂಡು ಹೋದೆ. ಮುಖಪುಟ ಸವರಿ ನೋಡಿ, "ಕಾಲರು ಚಲೋ ಮಾಡ್ಯಾರ," ಎಂದು ಮರಳಿ ಕೊಟ್ಟರು.

ಹೋದ ವರ್ಷ ಅವರ ಮೂತ್ರಪಿಂಡ ಕೈಕೊಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದವಳು ಅವರು ಮಗಳಂತೆ ಸಾಕಿದ್ದ, ಅವರ ಹಾಗೆಯೇ ಮನೆ ಬಿಟ್ಟು ಬಂದಿದ್ದ ಒಬ್ಬ ಶಿಷ್ಯೆ. ಕೈ ಊದಿದ್ದರಿಂದ ಬಳೆಗಳನ್ನೆಲ್ಲ ಆಸ್ಪತ್ರೆಯವರು ಕತ್ತರಿಸಿ ತೆಗೆದಿದ್ದರು. ಹೊತ್ತು ಹೋಗಲೆಂದು, ಏನಾದರೂ ಓದಲೇ ಎಂದೆ. "ಬ್ಯಾಡ. ನಿಮ್ಮಪ್ಪನ ಪ್ಯಾಟಿ ಸುದ್ದಿ ಹೇಳು," ಎಂದರು. ಮೆಣಸಿನಕಾಯಿಯ ಸುಗ್ಗಿ, ಚೀಲಗಳ ಗುಡ್ಡ, ಹಮಾಲರ ಜಗಳ, ಹೊಸದಾಗಿ ಬಂದ ಬ್ಯಾಂಕಿನ ಸಾಹೇಬರು ಸೀನಿ ಸೀನಿ ಓಡಿಹೋದದ್ದು, ನೆನಪಾದದ್ದನ್ನೆಲ್ಲ ಹೇಳಿದೆ. ನಗುತ್ತ ಕೇಳಿದರು. ಅದಾದ ವಾರದಲ್ಲೇ ಹೋದರು. ಮಣ್ಣು ಮಾಡಲು ನಾನು ಹೋಗಿದ್ದೆ. ಶಾಲೆಯ ಕಡೆಯಿಂದ ಒಂದು ಹಾರ ಬಂದಿತ್ತು.

ಎಂಟನೆಯ ಪುಸ್ತಕವನ್ನು ಓದಬಾರದು ಎಂದುಕೊಂಡಿದ್ದೆ. ಅವರು ತೀರಿಕೊಂಡ ಮೇಲೆ ಒಂದು ರಜೆಯ ದಿನ, ನಾಲ್ಕು ಪುಟ ನೋಡಿ ಮುಚ್ಚಿಡೋಣವೆಂದು ತೆರೆದೆ. ಅಡುಗೆ ಮಾಡಲಿಲ್ಲ, ಬಾಗಿಲು ಬಡಿದವರಿಗೆ ತೆರೆಯಲಿಲ್ಲ, ಕೊನೆಯ ಪುಟದವರೆಗೆ ಎದ್ದೇಳಲಿಲ್ಲ. ಶಿಷ್ಯೆ ಮೊನ್ನೆ ಅಂಗಡಿಯಲ್ಲಿ, "ಆ ಹೊಸಾ ಪುಸ್ತಕಾ ಹೆಂಗೈತ್ರಿ?" ಎಂದು ಕೇಳಿದಳು. ಓದಿಲ್ಲ ಎಂದೆ.

ಪುಸ್ತಕ ಬಹಳ ಚೆನ್ನಾಗಿತ್ತು.