ಬಚ್ಚಲ ಗೋಡೆಯ ದ್ವೀಪಗಳು

ಗೌರಿ ಹಬ್ಬದ ಬಾಗಿನವನ್ನು ವರ್ಷವರ್ಷವೂ ಫೋನಿನಲ್ಲೇ ದುಡ್ಡು ಹಾಕಿ ಮುಗಿಸುತ್ತಿದ್ದ ನಮ್ಮಣ್ಣ, ಈ ಮಳೆಗಾಲದಲ್ಲಿ ಗುಬ್ಬಿಯಿಂದ ಕುಣಿಗಲ್ಲಿನ ನಮ್ಮನೆಗೆ ಖುದ್ದಾಗಿ ಬಂದು ರೇಷ್ಮೆ ಸೀರೆ ಕೊಟ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ವಿಷಯ ಹೊರಬಿತ್ತು. ಕೋರದ ಹತ್ತಿರ, ಹೈವೇ ಪಕ್ಕದಲ್ಲಿ ಅಪ್ಪ ಬಿಟ್ಟುಹೋದ ಜಮೀನನ್ನು ಲೇಔಟ್ ಮಾಡಿಸುತ್ತಾನಂತೆ. ನಾನು ತುಮಕೂರಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು, ನನ್ನ ಹಕ್ಕನ್ನು ಸಂತೋಷದಿಂದ ಬಿಟ್ಟುಕೊಟ್ಟೆ ಎಂದು ಸಹಿ ಹಾಕಬೇಕಂತೆ. ನನ್ನ ಪಾಲು ಮದುವೆಯಲ್ಲೇ ಅರಿಶಿನ ಕುಂಕುಮಕ್ಕೆ ಸಂದಾಯವಾಗಿದೆಯಂತೆ. ಅಷ್ಟೊಂದು ಅರಿಶಿನವನ್ನು ಯಾವಾಗ ಹಚ್ಚಿಕೊಂಡೆನೋ ನನಗಂತೂ ಜ್ಞಾಪಕವಿಲ್ಲ.

ಜ್ಞಾಪಕಕ್ಕೆ ಬಂದದ್ದು ನಮ್ಮ ದ್ವೀಪಗಳು.

ಗುಬ್ಬಿ ಮನೆಯ ಹಿತ್ತಲಲ್ಲಿ ಬಚ್ಚಲಿನ ಹೊರಗೋಡೆ ಸದಾ ಒದ್ದೆ. ಮಳೆಗಾಲ ಬಂತೆಂದರೆ ಸುಣ್ಣದ ಮೇಲೆ ಪಾಚಿ ಅಲ್ಲಲ್ಲಿ ತೇಪೆತೇಪೆಯಾಗಿ ಏಳುತ್ತಿತ್ತು. ಸಮುದ್ರವನ್ನು ಕಂಡೇ ಇರದ ಇಬ್ಬರು ಮಕ್ಕಳಿಗೆ ಅದು ಬಿಳಿ ಸಮುದ್ರ, ನಡುವೆ ದಟ್ಟ ಕಾಡಿನ ದ್ವೀಪಗಳು. ಆ ಲೋಕಕ್ಕೆ ಎರಡು ಸೂರ್ಯ. ಒಂದು ನಿಮಗೂ ಗೊತ್ತಿರುವುದು, ಇನ್ನೊಂದು ಬಚ್ಚಲ ಬಾಗಿಲಿನ ಬಲ್ಬು. ಕರೆಂಟ್ ಹೋದರೆ ಗ್ರಹಣ. ಅಲ್ಲಿನ ಮರಗಳು ಮೋಡ ದಾಟಿ ಬೆಳೆದಿದ್ದವು. ಅವುಗಳ ತುದಿಯಲ್ಲಿ ಜೋಕಾಲಿ ಕಟ್ಟಿಕೊಂಡು ಜನ ಆರಾಮಾಗಿದ್ದರು, ಮಗ್ಗಿ ಕಲಿಯುವ ಕಾಟವಿರಲಿಲ್ಲ. ಗೋಡೆಯ ಮೇಲೆ ಇರುವೆ ಹೋದರೆ ಅದು ಕಾಡಾನೆ. ಹಬ್ಬದ ಹಿಂದಿನ ದಿನ ಅಮ್ಮ ತೆಂಗಿನ ನಾರು ಹಿಡಿದು ಬಂದಳೆಂದರೆ ಪ್ರಳಯ. ಅಷ್ಟು ಚೆಂದದ ಜಾಗವನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಪ್ರತಿ ಮಳೆಗಾಲ ದ್ವೀಪಗಳನ್ನು ಹೊಸದಾಗಿ ಪಾಲು ಮಾಡಿಕೊಳ್ಳಬೇಕಿತ್ತು. ಅದಕ್ಕೆ ಕಾನೂನು ಮಾಡಿದವನೂ ಅಣ್ಣನೇ: ಇದ್ದಲಿನಲ್ಲಿ ಗೆರೆ ಎಳೆದು ಹಂಚುವವನು ಅವನು, ಮೊದಲು ಆರಿಸಿಕೊಳ್ಳುವವಳು ನಾನು. ಹಂಚಿದವನಿಗೆ ಉಳಿದದ್ದು. ಹಾಗಾಗಿ ನಾಲಿಗೆ ಕಚ್ಚಿಕೊಂಡು, ಒಂದು ಚೂರು ಕಾಡೂ ಆಚೀಚೆ ಆಗದಂತೆ ಎಳೆಯುತ್ತಿದ್ದ. ನಾನು ದಟ್ಟ ಕಾಡಿನ ಕಡೆಯನ್ನೇ ಬಾಚಿಕೊಂಡರೂ ತುಟಿ ಪಿಟಕ್ ಅನ್ನುತ್ತಿರಲಿಲ್ಲ.

ಸಹಿಯ ದಿನ ಮೊದಲು ಗುಬ್ಬಿಯಲ್ಲಿ ಊಟ, ಆಮೇಲೆ ತುಮಕೂರು ಎಂದು ಏರ್ಪಾಡಾಯಿತು. ಅತ್ತಿಗೆ ಹೋಳಿಗೆ ಮಾಡಿದ್ದರು. ತುಪ್ಪ ಸಾಕು ಎಂದರೂ ಸುರಿದರು, ಮನೆಮಗಳು ಎಂದು ಬಾಯಿತುಂಬ ಕರೆದರು. ಸಹಿ ಹಾಕುವ ಕೈಗೆ ಇಷ್ಟು ಮರ್ಯಾದೆ ಉಂಟೆಂದು ನನಗೆ ಗೊತ್ತೇ ಇರಲಿಲ್ಲ.

ಆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಮನೆಗೆಲ್ಲ ಟೈಲ್ಸ್ ಹಾಕಿಸಿದ್ದ ಅಣ್ಣ ಬಚ್ಚಲ ಗೋಡೆಯನ್ನು ಮಾತ್ರ ಮುಟ್ಟಿರಲಿಲ್ಲ. ಬಂದವರು ಯಾರೂ ಅಲ್ಲಿ ನೋಡುವುದಿಲ್ಲವಲ್ಲ. ದ್ವೀಪಗಳು ಇದ್ದವು. ಅಣ್ಣ ಟವೆಲ್ ಹಿಡಿದು ಹಿಂದೆಯೇ ಬಂದ.

"ಟೈಮಾಯ್ತು, ಹೊರಡಣ ನಡಿಯಮ್ಮ."

"ಜಮೀನು ನೀನೇ ಹಂಚಣ್ಣ," ಎಂದೆ. "ನಿಂಗೆ ಹೆಂಗೆ ಬೇಕೋ ಹಂಗೆ ಗೆರೆ ಎಳಿ. ಮೊದಲು ನಾನು ಆರಿಸ್ಕೋತೀನಿ."

ಅವನು ಗೋಡೆ ನೋಡಿದ. ಅವನಿಗೂ ಎಲ್ಲ ನೆನಪಿತ್ತು. ಮರೆತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಅದು ಆಟ ಕಣೇ," ಎಂದ.

"ಹೂಂ ಕಣಣ್ಣ. ಆಟದಲ್ಲಿ ನೀನು ಒಂದಿನಾನೂ ಮೋಸ ಮಾಡ್ಲಿಲ್ಲ."

ಸಹಿ ಹಾಕಲಿಲ್ಲ. ಸೀರೆಯನ್ನು ಅವನ ಮುಂದೆ ಎಸೆದು ಬರೋಣವೆಂದರೆ, ಅದನ್ನೇ ಉಟ್ಟುಕೊಂಡು ಹೋಗಿದ್ದೆ. ಅತ್ತಿಗೆ ಕಟ್ಟಿಟ್ಟಿದ್ದ ಹೋಳಿಗೆ ಡಬ್ಬಿ ಅಡುಗೆಮನೆಯಲ್ಲೇ ಉಳಿಯಿತು. ಒಬ್ಬಳೇ ಬಸ್ ಹತ್ತಿದೆ. ಜಮೀನಿನಲ್ಲಿ ನನ್ನ ಪಾಲು ಉಳಿದಿತ್ತು, ಆದರೆ ಆ ಹಿತ್ತಲಿಗೆ ಇನ್ನು ನನ್ನನ್ನು ಯಾರೂ ಕರೆಯುವುದಿಲ್ಲ. ತುಮಕೂರು ಬಸ್ ಸ್ಟ್ಯಾಂಡ್ ಬರುವವರೆಗೂ ಅವನ ಸೀರೆಯ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.